ಒತ್ತಿದರೆ ಓಡಿಹೋಗುವ ಚೀಟಿ

ಈ ಕಡೆ ತಲೆ ಹಾಕದೆ ತುಂಬಾ ದಿನವಾಯ್ತು. ಕೆಲಸ, ಡೆಡ್‌ಲೈನು, ಸೋಮಾರಿತನ... ಮಾಮೂಲಿ ನೆಪಗಳು. ಇವತ್ತು ಬರೆಯೋಕೆ ಕೂತಿರೋದು ಮಾತ್ರ ಸಿಟ್ಟಿನಿಂದ. ಯಾರ ಮೇಲೆ ಸಿಟ್ಟು ಅಂದರೆ, "ಲಿನಕ್ಸ್ ಬಳಸಿ, ಪುಕ್ಕಟೆ, ಸ್ವತಂತ್ರ" ಅಂತ ಊರೆಲ್ಲಾ ಸಾರಿಕೊಂಡು ಬರುವ ನಮ್ಮ ಜನರ ಮೇಲೆ. ಆ ಜನರಲ್ಲಿ ನಾನೂ ಒಬ್ಬ. ಹಾಗಾಗಿ ಅರ್ಧ ಸಿಟ್ಟು ನನ್ನ ಮೇಲೇ ಅಂತ ಇಟ್ಟುಕೊಳ್ಳಿ :-)

ನಮ್ಮೂರು ತೆರಕಣಾಂಬಿ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗೋ ರಸ್ತೆಯಲ್ಲಿ ಸಿಗುತ್ತೆ. ತರಕಾರಿ ಮಾರುಕಟ್ಟೆಯಿಂದಾಗಿ ಕೆಲವರಿಗೆ ಹೆಸರು ಗೊತ್ತಿರಬಹುದು. ಸಂಜೆಯಾದರೆ ಕೇರಳದ ಕಡೆ ಹೊರಡುವ ಲಾರಿಯವರಿಗೆ ಅವಸರ, ಯಾಕೆಂದರೆ 2009ರಿಂದ ಬಂಡೀಪುರದ ದಾರಿ ರಾತ್ರಿ 9ಕ್ಕೆ ಬಂದ್. ಆ ಮಾರುಕಟ್ಟೆಯಿಂದ ಸ್ವಲ್ಪ ದೂರದಲ್ಲಿ ನಮ್ಮ ದೊಡ್ಡಪ್ಪನ ಮಗ ಒಂದು ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಜೆರಾಕ್ಸು, ಪಹಣಿ ಪ್ರಿಂಟು, ಲ್ಯಾಮಿನೇಶನ್ನು, ಅರ್ಜಿ ತುಂಬಿಕೊಡೋದು, ಪಾಸ್‌ಪೋರ್ಟ್ ಸೈಜು ಫೋಟೋ. ಗೋಡೆಗೆ ಅಂಗಡಿಯ ಮೇಲ್ ಐಡಿ ದೊಡ್ಡದಾಗಿ ಬರೆದು ಅಂಟಿಸಿದ್ದಾನೆ. ಜನ ಕಡತವನ್ನು ಆ ಮೇಲ್‌ಗೆ ಕಳಿಸಿ, ಆಮೇಲೆ ಬಂದು ಪ್ರಿಂಟು ತಗೊಂಡು ಹೋಗ್ತಾರೆ. ಅದರಲ್ಲೂ ಮೈಸೂರಲ್ಲಿ ಓದುವ ಮಕ್ಕಳು ಅಲ್ಲಿಂದ ಕಳಿಸೋದು, ಇಲ್ಲಿ ಅವರಪ್ಪನೋ ಅಮ್ಮನೋ ಬಂದು ತಗೊಳೋದು ಜಾಸ್ತಿ.

ಅಂಗಡಿಯ ಕಂಪ್ಯೂಟರ್ ಹಳೇದು. ಅದರಲ್ಲಿದ್ದ ಕದ್ದ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಟ್ಟಿದ್ದು ನಾನೇ. ವೈರಸ್ ಕಾಟ ಹೋಯ್ತು, ಪೆನ್ ಡ್ರೈವ್ ಹಾಕಿದ ತಕ್ಷಣ ಶಾರ್ಟ್‌ಕಟ್ ಆಗೋ ರೋಗ ಹೋಯ್ತು, ಕನ್ನಡ ಅಕ್ಷರವೂ ಚೆನ್ನಾಗಿ ಮೂಡಿತು. ಅಣ್ಣ ಖುಷಿ, ನಾನು ಅದಕ್ಕಿಂತ ಖುಷಿ. ಆ ಖುಷಿಯಲ್ಲಿ ಅವನಿಗೊಂದು ಸಣ್ಣ ಪ್ರೋಗ್ರಾಮ್ ಬರೆದುಕೊಟ್ಟೆ, ಪೈಥಾನ್‌ನಲ್ಲಿ ನೂರಿಪ್ಪತ್ತು ಸಾಲು. ಅಂಗಡಿಯ ಮೇಲ್‌ಗೆ ಕಡತ ಬಂದ ಕೂಡಲೇ ಅದನ್ನು ಇಳಿಸಿಕೊಂಡು, ಪರದೆಯ ಮೂಲೆಯಲ್ಲಿ "ಹೊಸ ಕಡತ ಬಂದಿದೆ" ಅಂತ ತೋರಿಸುತ್ತೆ. ಅದರ ಮೇಲೆ ಒತ್ತಿದರೆ ಕಡತ ತೆರೆದುಕೊಳ್ಳುತ್ತೆ. ಅಷ್ಟೇ.

ಇದಕ್ಕೆ ಕನ್ನಡದಲ್ಲಿ ಏನಂತಾರೆ? ಅಧಿಸೂಚನೆ ಅಂದರೆ ನನಗೆ ಸರ್ಕಾರಿ ಗೆಜೆಟ್ಟೇ ಕಣ್ಣ ಮುಂದೆ ಬರುತ್ತೆ. ನೋಟಿಫಿಕೇಶನ್ ಅಂತ ಪ್ರತಿ ಸಲ ಬರೆದರೆ ಬೆರಳು ನೋವು. ಅಣ್ಣ ಮೊದಲ ದಿನವೇ ಅದಕ್ಕೆ "ಚೀಟಿ" ಅಂತ ಹೆಸರಿಟ್ಟ. "ನಿನ್ನ ಚೀಟಿ ಬಂತು ಕನಾ" ಅಂತ. ಸರಿಯಾದ ಹೆಸರು. ಇಲ್ಲಿ ನಾನೂ ಅದನ್ನೇ ಬಳಸುತ್ತೇನೆ.

ಬೆಂಗಳೂರಲ್ಲಿ ನನ್ನ ಲ್ಯಾಪ್‌ಟಾಪಿನಲ್ಲಿ ಗ್ನೋಮ್ ಇದೆ. ಅದರಲ್ಲಿ ಹತ್ತು ಸಲ ಪರೀಕ್ಷೆ ಮಾಡಿದ್ದೆ. ಚೀಟಿ ಬಂತು, ಒತ್ತಿದೆ, ಕಡತ ತೆರೆಯಿತು. ಅಂಗಡಿಗೆ ಹಾಕಿ ಬಂದೆ. ಅದಾಗಿ ಮೂರು ವಾರಕ್ಕೆ ಊರಿಗೆ ಹೋದಾಗ ಅಣ್ಣ ಹೇಳಿದ್ದು: "ಅದು ಒತ್ತುದ್ರ ಹೊಂಟೋಯ್ತದ ಕನಾ. ಒಂದೊಂದ್ ಸಲ ತೆರೀತದ, ಒಂದೊಂದ್ ಸಲ ಓಡೋಯ್ತದ. ನಾನು ಬುಟ್ಬುಟ್ಟೆ."

ಅವನು ಇದನ್ನು ತಮಾಷೆಯಾಗಿ ಹೇಳಲಿಲ್ಲ. ಹಿಂದಿನ ವಾರ ನಡೆದದ್ದನ್ನು ಆಮೇಲೆ ಹೇಳಿದ. ಪಕ್ಕದ ಊರಿನ ಒಬ್ಬ ಹಿರಿಯರು, ಕೂಲಿ ಮಾಡಿ ಬದುಕೋರು, ಮಧ್ಯಾಹ್ನ ಬಂದು ಅಂಗಡಿಯ ಬೆಂಚಿನ ಮೇಲೆ ಕೂತಿದ್ದಾರೆ. ಮಗಳು ಮೈಸೂರಿಂದ ಹಾಸ್ಟೆಲ್ ಅರ್ಜಿ ಕಳಿಸುತ್ತಾಳೆ, ಅದರ ಪ್ರಿಂಟಿಗೆ ಆದಾಯ ಪ್ರಮಾಣ ಪತ್ರ ಲಗತ್ತಿಸಿ ಗುಂಡ್ಲುಪೇಟೆಗೆ ಹೋಗಿ 5 ಗಂಟೆಯೊಳಗೆ ಕೊಡಬೇಕು. ಅಂಗಡಿಯಲ್ಲಿ ರಷ್ಷು. ಚೀಟಿ ಬಂದಿದೆ. ಅಣ್ಣ ಇನ್ಯಾರದೋ ಲ್ಯಾಮಿನೇಶನ್ ಮುಗಿಸಿ ಒಂದು ನಿಮಿಷ ಬಿಟ್ಟು ಅದರ ಮೇಲೆ ಒತ್ತಿದ್ದಾನೆ. ಚೀಟಿ ಮಾಯ. ಏನೂ ತೆರೆಯಲಿಲ್ಲ. ಏನೋ ಬೇರೆ ಇರಬೇಕು ಅಂದುಕೊಂಡಿದ್ದಾನೆ. ಆ ಹಿರಿಯರು "ಬಂತಾ ಅಪ್ಪಾ?" ಅಂತ ಕೇಳಿದಾಗೆಲ್ಲಾ "ಇನ್ನೂ ಬಂದಿಲ್ಲ ಕನಪ್ಪ, ಬಂದ್ರ ಹೇಳ್ತೀನಿ ಕೂತ್ಕೊ" ಅಂದಿದ್ದಾನೆ. ಕಡತ 3 ಗಂಟೆಯಿಂದ ಆ ಕಂಪ್ಯೂಟರಿನೊಳಗೇ ಬಿದ್ದಿತ್ತು. ಸಂಜೆ ಮಗಳು ಫೋನ್ ಮಾಡಿ "ಯಾವಾಗಲೋ ಕಳಿಸಿದೀನಲ್ಲಪ್ಪ" ಅಂದ ಮೇಲೆ ಹುಡುಕಿದರೆ ಸಿಕ್ಕಿತು. ಅಷ್ಟು ಹೊತ್ತಿಗೆ ಆರು ಗಂಟೆ.

ಮಾರನೇ ದಿನ ಹೋದಾಗ ಅರ್ಜಿ ತಗೊಂಡರಂತೆ, ಅದೊಂದು ಪುಣ್ಯ. ಆದರೆ ಅವರಿಗೆ ಎರಡು ದಿನದ ಕೂಲಿ ಹೋಯಿತು. ಎರಡನೇ ದಿನದ್ದು ನನ್ನ ನೂರಿಪ್ಪತ್ತು ಸಾಲಿನ ಲೆಕ್ಕಕ್ಕೆ.

ತಪ್ಪು ಎಲ್ಲಿತ್ತು ಅಂತ ಆ ರಾತ್ರಿಯೇ ಗೊತ್ತಾಯಿತು. ನನ್ನ ಪ್ರೋಗ್ರಾಮ್ ಚೀಟಿ ಕಳಿಸಿ, ಹತ್ತು ಸೆಕೆಂಡು ಉತ್ತರಕ್ಕೆ ಕಾದು, ಎದ್ದು ಹೋಗುತ್ತಿತ್ತು. ಬೆಂಗಳೂರಲ್ಲಿ ನಾನು ಬೇರೆ ಕೆಲಸವಿಲ್ಲದೆ ಪರದೆಯನ್ನೇ ದಿಟ್ಟಿಸುತ್ತಾ ಕೂತವನು, ಎರಡನೇ ಸೆಕೆಂಡಿಗೇ ಒತ್ತುತ್ತಿದ್ದೆ. ಅಂಗಡಿಯಲ್ಲಿ ಯಾರು ಹಾಗೆ ಕೂರ್ತಾರೆ? ಚೀಟಿ ಬೇಗ ಮರೆಯಾಗಬಾರದು ಅಂತ ಅದಕ್ಕೆ "ತುರ್ತು" ಅನ್ನುವ ಗುರುತು ಬೇರೆ ಹಾಕಿದ್ದೆ. ಹಾಗಾಗಿ ಚೀಟಿ ಪರದೆಯ ಮೇಲೆ ಇದ್ದೇ ಇರುತ್ತಿತ್ತು, ಅದನ್ನು ಕಳಿಸಿದವನು ಮಾತ್ರ ಇರುತ್ತಿರಲಿಲ್ಲ. ಒತ್ತಿದ್ದು ಯಾರಿಗೂ ಕೇಳಿಸಲಿಲ್ಲ.

ನನ್ನ ತಪ್ಪು, ಒಪ್ಪಿಕೊಂಡೆ. ಆದರೆ ಅದನ್ನು ಸರಿ ಮಾಡೋಕೆ ಹೋಗಿ ಎರಡು ಶನಿವಾರ, ಎರಡು ಭಾನುವಾರ ಕಳೆದ ಮೇಲೆ ತಿಳಿದ ಸಂಗತಿಯೇ ಈ ಬರಹಕ್ಕೆ ಕಾರಣ. ಒತ್ತಿದರೆ ತೆರೆಯುವ ಒಂದು ಚೀಟಿಯನ್ನು ಎಲ್ಲಾ ಲಿನಕ್ಸ್ ಡೆಸ್ಕ್‌ಟಾಪಿನಲ್ಲೂ ನಂಬುವಂತೆ ಕೆಲಸ ಮಾಡಿಸೋದು ಇವತ್ತಿಗೂ ಒಂದು ಸಾಹಸ. ಮತ್ತು ಅದು ಹಾಗಿರೋದು ಯಾರ ಕೈಯಲ್ಲೂ ಆಗದ್ದಕ್ಕಲ್ಲ. ಹಾಗೇ ಇರಲಿ ಅಂತ ಬರೆದಿಟ್ಟದ್ದಕ್ಕೆ.

ಕಂಪ್ಯೂಟರ್ ಕೆಲಸದವರಲ್ಲದ ಗೆಳೆಯರಿಗೆ ಸ್ವಲ್ಪ ವಿವರಿಸಿಬಿಡುತ್ತೇನೆ. ಲಿನಕ್ಸ್‌ನಲ್ಲಿ ಪ್ರೋಗ್ರಾಮುಗಳು ಒಂದಕ್ಕೊಂದು ಮಾತಾಡೋಕೆ ಡಿ-ಬಸ್ ಅಂತ ಒಂದು ವ್ಯವಸ್ಥೆ ಇದೆ. ಹೆಸರಿಗೆ ತಕ್ಕ ಹಾಗೆ ಬಸ್ಸೇ. ನನ್ನ ಪ್ರೋಗ್ರಾಮ್ ಈ ಬಸ್ಸಿನಲ್ಲಿ "ಹೀಗೊಂದು ಚೀಟಿ ತೋರಿಸಿ" ಅಂತ ಹೇಳಿಕಳಿಸುತ್ತೆ. ಚೀಟಿಯ ತಲೆಬರಹ, ಒಳಗಿನ ಮಾತು, ಚಿತ್ರ, ಮತ್ತು ಬಳಕೆದಾರ ಏನೇನು ಮಾಡಬಹುದು ಅನ್ನುವ ಪಟ್ಟಿ ಅದರ ಜೊತೆ ಹೋಗುತ್ತೆ. ಡೆಸ್ಕ್‌ಟಾಪಿನ ಕಡೆ ಒಂದು ಸರ್ವರ್ ಕೂತಿರುತ್ತೆ, ಅದು ಚೀಟಿ ಬರೆದು ಮೂಲೆಯಲ್ಲಿ ಅಂಟಿಸಿ, ಅದಕ್ಕೊಂದು ನಂಬರ್ ಕೊಡುತ್ತೆ. ಯಾರಾದರೂ ಒತ್ತಿದರೆ ಸರ್ವರ್ ಅದೇ ಬಸ್ಸಿನಲ್ಲಿ "ಇಷ್ಟನೇ ನಂಬರಿನ ಚೀಟಿಯನ್ನು ಒತ್ತಿದರು" ಅಂತ ಕೂಗುತ್ತೆ. ಕೇಳಿಸಿಕೊಂಡು ಕಡತ ತೆರೆಯೋದು ನನ್ನ ಪ್ರೋಗ್ರಾಮಿನ ಕೆಲಸ.

ಈ ಏರ್ಪಾಟಿಗೆ ಒಂದು ಲಿಖಿತ ನಿಯಮಾವಳಿ ಇದೆ. ಫ್ರೀಡೆಸ್ಕ್‌ಟಾಪ್ ಅನ್ನುವ ವೇದಿಕೆಯಲ್ಲಿ, 2000ದ ದಶಕದ ಮಧ್ಯದಲ್ಲಿ ಮೈಕ್ ಹರ್ನ್, ಕ್ರಿಶ್ಚಿಯನ್ ಹ್ಯಾಮಂಡ್ ಮೊದಲಾದವರು ಬರೆದದ್ದು. ಗ್ನೋಮ್, ಕೆಡಿಇ, ಎಕ್ಸ್‌ಎಫ್‌ಸಿಇ ಎಲ್ಲರೂ ಅದನ್ನೇ ಪಾಲಿಸುತ್ತೇವೆ ಅಂತಾರೆ. ಸುಳ್ಳಲ್ಲ, ಪಾಲಿಸುತ್ತಾರೆ. ಸಮಸ್ಯೆ ಏನಪ್ಪಾ ಅಂದರೆ, ನಿಯಮವೇ ಹಾಗಿದೆ. ಚೀಟಿಯ ಮೈಮೇಲೆ ಒತ್ತಿದರೆ ಏನಾಗಬೇಕು ಅನ್ನೋದಕ್ಕೆ "ಡಿಫಾಲ್ಟ್" ಅನ್ನುವ ಒಂದು ಹೆಸರು ಇಟ್ಟಿದ್ದಾರೆ. ಆದರೆ ಅದೇ ನಿಯಮಾವಳಿಯಲ್ಲೇ, ಒತ್ತಿದ ಸುದ್ದಿ ಬಂದೇ ಬರುತ್ತೆ ಅಂತ ಯಾವ ಪ್ರೋಗ್ರಾಮೂ ನಂಬಿ ಕೂರಬಾರದು, ಕೆಲವು ಸರ್ವರ್‌ಗಳಿಗೆ ಒತ್ತುವುದೆಂದರೆ ಏನಂತಲೇ ಗೊತ್ತಿಲ್ಲದಿರಬಹುದು, ಅನ್ನುವ ಅರ್ಥದ ಮಾತೂ ಇದೆ.

ಬಸ್ಸಿನ ಹೋಲಿಕೆಯನ್ನೇ ಮುಂದುವರಿಸುತ್ತೇನೆ, ಕ್ಷಮಿಸಿ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಒಂದು ಸೀಟಿ ಊದಿದರೆ ನಿಲ್ಲಿಸಬೇಕು, ಎರಡು ಊದಿದರೆ ಹೊರಡಬೇಕು. ಸರ್ಕಾರಿ ಬಸ್ಸಾಗಲಿ, ಪ್ರೈವೇಟಾಗಲಿ, ಕೆಂಪಾಗಲಿ ನೀಲಿಯಾಗಲಿ, ಸೀಟು ಹರಿದಿರಲಿ ಇಲ್ಲದಿರಲಿ, ಸೀಟಿಯ ಅರ್ಥ ಒಂದೇ. ನಮ್ಮ ಡಿ-ಬಸ್ಸಿನಲ್ಲಿ ಮಾತ್ರ "ಕಂಡಕ್ಟರ್ ಸೀಟಿ ಊದಬಹುದು. ಡ್ರೈವರಿಗೆ ಕೇಳಿಸದಿರಬಹುದು. ಕೇಳಿಸಿದರೆ ನಿಲ್ಲಿಸಬಹುದು ಅಥವಾ ಪ್ರಯಾಣಿಕನನ್ನೇ ಕಿಟಕಿಯಿಂದ ಆಚೆ ಹಾಕಬಹುದು" ಅಂತ ನಿಯಮ!

ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಬೆಂಗಳೂರಿಗೆ ಬಂದು ವರ್ಚುವಲ್ ಮಶೀನುಗಳಲ್ಲಿ ಒಂದೊಂದೇ ಹಾಕಿ ನೋಡಿದೆ. ಗ್ನೋಮ್‌ನಲ್ಲಿ ಡಿಫಾಲ್ಟ್ ಕೊಟ್ಟಿದ್ದರೆ ಒತ್ತಿದ ಸುದ್ದಿ ಬರುತ್ತೆ. ಕೊಟ್ಟಿಲ್ಲದಿದ್ದರೆ ಆ ಆಪ್‌ನ ಕಿಟಕಿಯನ್ನಾದರೂ ಮುಂದೆ ತರೋಕೆ ನೋಡುತ್ತೆ. ಕೆಡಿಇ ಪ್ಲಾಸ್ಮಾದಲ್ಲೂ ಎಕ್ಸ್‌ಎಫ್‌ಸಿಇಯಲ್ಲೂ ಡಿಫಾಲ್ಟ್ ಕೆಲಸ ಮಾಡಿತು. ಡನ್‌ಸ್ಟ್ ಅಂತ ಹಗುರವಾದ ಸರ್ವರ್ ಒಂದಿದೆ, ಸಣ್ಣ ವಿಂಡೋ ಮ್ಯಾನೇಜರ್ ಬಳಸೋ ಹುಡುಗರಿಗೆಲ್ಲಾ ಪ್ರಾಣ. ಅದು ಬರುವ ಸ್ಥಿತಿಯಲ್ಲೇ ಬಿಟ್ಟರೆ, ಎಡಗುಂಡಿ ಒತ್ತಿದರೆ ಚೀಟಿ ಮುಚ್ಚುತ್ತೆ, ನಡುಗುಂಡಿ ಒತ್ತಿದರೆ ಕೆಲಸ ನಡೆಯುತ್ತೆ. ನಡುಗುಂಡಿ! ಅಂಗಡಿಯಲ್ಲಿ ಮೌಸಿನ ಚಕ್ರವನ್ನು ಒತ್ತಲೂ ಬಹುದು ಅಂತ ಎಷ್ಟು ಜನಕ್ಕೆ ಗೊತ್ತು? ವೇಲ್ಯಾಂಡ್‌ಗೆ ಅಂತ ಬರೆದ ಮಾಕೋ ಅನ್ನೋದರಲ್ಲಿ ಎಡಗುಂಡಿಗೇ ಡಿಫಾಲ್ಟ್. ಅದೇ ಚೀಟಿ, ಅದೇ ಬೆರಳು, ಫಲ ಮಾತ್ರ ಬೇರೆ ಬೇರೆ.

"ಕೇಳಿ ನೋಡು, ಸರ್ವರ್ ತನಗೇನು ಬರುತ್ತೆ ಅಂತ ಹೇಳುತ್ತಲ್ಲ" ಅಂತೀರಿ. ಹೌದು, ಸಾಮರ್ಥ್ಯದ ಪಟ್ಟಿ ಕೇಳುವ ಸೌಲಭ್ಯ ಇದೆ. ಆ ಪಟ್ಟಿಯಲ್ಲಿ "ಆಕ್ಷನ್ಸ್" ಅಂತ ಇದ್ದರೆ ಗುಂಡಿಗಳು ನಡೆಯುತ್ತವೆ ಅಂತ ಅರ್ಥ. ಆದರೆ ಯಾವ ಬೆರಳಿಗೆ ನಡೆಯುತ್ತವೆ ಅಂತ ಪಟ್ಟಿ ಹೇಳೋದಿಲ್ಲ. ಡನ್‌ಸ್ಟ್ ಕೂಡಾ "ಆಕ್ಷನ್ಸ್ ಬರುತ್ತೆ" ಅಂತಲೇ ಹೇಳುತ್ತೆ. ಸುಳ್ಳೂ ಅಲ್ಲ, ನಿಜವೂ ಅಲ್ಲ.

ನನಗೆ ಹೆಚ್ಚು ಕೋಪ ಬಂದದ್ದು ಇನ್ನೊಂದು ವಿಷಯಕ್ಕೆ. ಚೀಟಿ ಮುಚ್ಚಿದಾಗ ಸರ್ವರ್ ಯಾಕೆ ಮುಚ್ಚಿತು ಅಂತ ಒಂದು ಅಂಕಿ ಕಳಿಸುತ್ತೆ. 1 ಅಂದರೆ ಸಮಯ ಮುಗಿಯಿತು. 2 ಅಂದರೆ ಬಳಕೆದಾರ ತೆಗೆದುಹಾಕಿದ. 3 ಅಂದರೆ ಪ್ರೋಗ್ರಾಮೇ ಮುಚ್ಚು ಅಂತು. 4 ಅಂದರೆ ಏನೋ ಒಂದು. ಈಗ ಅಣ್ಣ "ತೆರೆ" ಅನ್ನುವ ಮನಸ್ಸಿನಿಂದ ಚೀಟಿ ಒತ್ತುತ್ತಾನೆ, ಸರ್ವರ್ ಅದನ್ನು ಸುಮ್ಮನೆ ಮುಚ್ಚುತ್ತೆ, ನನಗೆ 2 ಅಂತ ಬರುತ್ತೆ. ಅಂದರೆ "ಅವನು ಬೇಡ ಅಂದ". ಅವನು ಬೇಕು ಅಂದದ್ದು ದಾರಿಯಲ್ಲಿ ಬೇಡ ಅಂತ ಆಗಿಬಿಟ್ಟಿತು! ಅದನ್ನು ಸರಿಪಡಿಸೋಕೆ ನನ್ನ ಬಳಿ ಯಾವ ಮಾಹಿತಿಯೂ ಇಲ್ಲ. 2 ಬಂದಾಗೆಲ್ಲಾ ಕಡತ ತೆರೆದುಬಿಡೋಣ ಅಂತ ಒಬ್ಬ ಗೆಳೆಯ ಸಲಹೆ ಕೊಟ್ಟ. ಆಗ ನಿಜವಾಗಿ ಬೇಡ ಅಂದವನ ಮುಖಕ್ಕೆ ಕಡತ ರಾಚುತ್ತೆ. ಒಬ್ಬನ ಮಾತು ತಿರುಚಿದ್ದನ್ನು ಸರಿ ಮಾಡೋಕೆ ಇನ್ನೊಬ್ಬನ ಮಾತು ತಿರುಚೋದು.

ಇಲ್ಲಿ ಒಂದು ಹಳೇ ಜಗಳ ನೆನಪಿಸಬೇಕು. 2009ರ ಏಪ್ರಿಲ್‌ನಲ್ಲಿ ಉಬುಂಟು 9.04 ಬಂದಾಗ ಅದರ ಜೊತೆ ನೋಟಿಫೈ-ಓಎಸ್‌ಡಿ ಅನ್ನುವ ಹೊಸ ಸರ್ವರ್ ಬಂತು. ಕಪ್ಪು ಬಣ್ಣದ ಅಂದವಾದ ಗುಳ್ಳೆ. ಒತ್ತುವ ಹಾಗೇ ಇಲ್ಲ. ಮೌಸ್ ಹತ್ತಿರ ಹೋದರೆ ಗುಳ್ಳೆ ಮಸುಕಾಗಿ, ಕ್ಲಿಕ್ಕು ಅದರ ಕೆಳಗಿನ ಕಿಟಕಿಗೆ ಹೋಗುತ್ತಿತ್ತು. ಚೀಟಿ ಅನ್ನೋದು ತಿಳಿಸೋಕೆ ಮಾತ್ರ, ಕೆಲಸ ಕೇಳೋಕಲ್ಲ, ಅನ್ನೋದು ಮಾರ್ಕ್ ಶಟಲ್‌ವರ್ತ್ ಮತ್ತು ಕೆನಾನಿಕಲ್‌ನವರ ವಾದ. ಯಾವುದಾದರೂ ಆಪ್ ಗುಂಡಿ ಕೇಳಿದರೆ, ಗುಳ್ಳೆಯ ಬದಲು ಒಂದು ಡಯಲಾಗ್ ಪೆಟ್ಟಿಗೆ ಧಡ್ ಅಂತ ಮಧ್ಯದಲ್ಲಿ ಏಳುತ್ತಿತ್ತು. 2017ರ ಅಕ್ಟೋಬರಿನಲ್ಲಿ 17.10ರ ಜೊತೆ ಉಬುಂಟು ಗ್ನೋಮ್‌ಗೆ ಮರಳುವ ತನಕ ಇದೇ ಕಥೆ. ಆಗ ನಾನು ಶಾಲೆಯಲ್ಲಿದ್ದೆ, ಆ ಜಗಳವನ್ನೆಲ್ಲಾ ಆಮೇಲೆ ಓದಿದ್ದು. ಬಹಳ ಜನ ಬೈದಿದ್ದಾರೆ. ನಾನು ಬೈಯೋದಿಲ್ಲ, ಆಶ್ಚರ್ಯ ಆಗಬಹುದು. ಅವರ ತೀರ್ಮಾನ ನನಗೆ ಒಪ್ಪಿಗೆಯಿಲ್ಲ, ಆದರೆ ಆ ಗುಳ್ಳೆ ಪ್ರಾಮಾಣಿಕವಾಗಿತ್ತು. ಕೈ ಹತ್ತಿರ ತಂದರೆ ಮಸುಕಾಗಿ "ನನ್ನನ್ನು ಮುಟ್ಟಬೇಡ" ಅಂತ ಹೇಳುತ್ತಿತ್ತು. ಯಾರೂ ಅದನ್ನು ಒತ್ತಿ ಮೋಸಹೋಗಲಿಲ್ಲ. ನೋಡೋಕೆ ಗುಂಡಿಯ ಹಾಗಿದ್ದು, ಒತ್ತಿದ ಹಾಗೆ ನಟಿಸಿ, ಆಮೇಲೆ ಏನೂ ಮಾಡದ ಚೀಟಿ ಅದಕ್ಕಿಂತ ಕೆಟ್ಟದ್ದು.

ಇದನ್ನೆಲ್ಲಾ ನಮ್ಮ ಗುಂಪಿನ ಗೆಳೆಯರ ಮುಂದೆ ಹೇಳಿಕೊಂಡೆ. ಎಲ್ಲರೂ ಕನ್ನಡದಲ್ಲಿ ಲಿನಕ್ಸ್ ಬಗ್ಗೆ ಬರೆಯೋರು, ಕೆಲವರು ಅನುವಾದಕ್ಕೂ ಕೈಜೋಡಿಸಿದೋರು. ಬಂದ ಉತ್ತರಗಳನ್ನು ಕೇಳಿ.

ಒಬ್ಬರು "ಅದೇ ಅಲ್ವಾ ಸ್ವಾತಂತ್ರ್ಯ? ಪ್ರತಿ ಡೆಸ್ಕ್‌ಟಾಪಿಗೂ ಅದರದೇ ವಿನ್ಯಾಸ" ಅಂದರು. ಆಯ್ತು ಸಾರ್, ಚೀಟಿ ಮೇಲೆ ಬರಲಿ ಕೆಳಗೆ ಬರಲಿ, ದುಂಡಗಿರಲಿ ಚೌಕಾಕಾರ ಇರಲಿ, ಅದಕ್ಕೆಲ್ಲಾ ಸ್ವಾತಂತ್ರ್ಯ ಇರಲಿ. ಬೆರಳಿನ ಅರ್ಥ ಬದಲಾಯಿಸೋದು ವಿನ್ಯಾಸ ಅಲ್ಲ. ಅಲ್ಲಿ ಸ್ವಾತಂತ್ರ್ಯ ಸಿಕ್ಕಿದ್ದು ಡೆಸ್ಕ್‌ಟಾಪ್ ಬರೆದವನಿಗೆ. ಅದರ ದಂಡ ಕಟ್ಟಿದ್ದು ಬೆಂಚಿನ ಮೇಲೆ ಕೂತಿದ್ದೋರು.

ಇನ್ನೊಬ್ಬರು "ಪ್ಯಾಚ್ ಕಳಿಸು" ಅಂದರು. ಇದು ನಮ್ಮ ಜನರ ಬ್ರಹ್ಮಾಸ್ತ್ರ. ಇದನ್ನು ಹೇಳಿಬಿಟ್ಟರೆ ಎದುರಿನವನ ಬಾಯಿ ಮುಚ್ಚುತ್ತೆ. ನಾನು ಇಂಜಿನಿಯರಿಂಗ್ ಓದಿದವನು, ನಾಳೆ ಕೂತರೆ ಒಂದು ಸರ್ವರಿಗೆ ಪ್ಯಾಚ್ ಬರೆಯಬಹುದು. ಆದರೆ ಗ್ನೋಮ್, ಪ್ಲಾಸ್ಮಾ, ಎಕ್ಸ್‌ಎಫ್‌ಸಿಇ, ಮಾಟೆ, ಸಿನಮನ್, ಎಲ್‌ಎಕ್ಸ್‌ಕ್ಯೂಟಿ, ಡನ್‌ಸ್ಟ್, ಮಾಕೋ... ಯಾರಿಗೆ ಕಳಿಸಲಿ? ಅವರಲ್ಲಿ ಪ್ರತಿಯೊಬ್ಬರೂ "ನಾವು ನಿಯಮದ ಪ್ರಕಾರವೇ ಇದ್ದೇವೆ" ಅಂತ ಹೇಳಬಹುದು, ಮತ್ತು ಅದು ಸರಿಯೇ. ಪ್ಯಾಚ್ ಬೇಕಾಗಿರೋದು ನಿಯಮಕ್ಕೆ.

ಮೂರನೆಯವರ ಮಾತು ನನಗೆ ಇನ್ನೂ ಚುಚ್ಚುತ್ತಿದೆ. "ನಿಮ್ಮಣ್ಣನಿಗೆ ಫೋಲ್ಡರ್ ನೋಡೋದು ಕಲಿಸು ಮಾರಾಯ." ನೋಡಿ, ನನ್ನ ಅಣ್ಣ ದಿನಕ್ಕೆ ನೂರು ಜನರ ಜೊತೆ ವ್ಯವಹರಿಸುತ್ತಾನೆ. ಯಾರ ಪಹಣಿಯಲ್ಲಿ ಯಾವ ಸರ್ವೆ ನಂಬರು, ನಾಡಕಚೇರಿಯ ಯಾವ ಅರ್ಜಿಗೆ ಯಾವ ದಾಖಲೆ ಅಂತ ಬಾಯಿಪಾಠ. ಅವನಿಗೆ ಕಲಿಯೋಕೆ ಬರದೇ ಇದ್ದದ್ದಲ್ಲ. ಒತ್ತಿದರೆ ತೆರೆಯುತ್ತೆ ಅಂತ ನಾನೇ ಹೇಳಿಕೊಟ್ಟೆ, ಅವನು ಕಲಿತ. ನಾವು ಹೇಳಿಕೊಟ್ಟದ್ದು ಸುಳ್ಳಾಯಿತು. ಜೇಬಿನಲ್ಲಿರೋ ಫೋನಿನಲ್ಲಿ ಚೀಟಿ ಒತ್ತಿದರೆ ತೆರೆಯುತ್ತೆ, ವರ್ಷಗಳಿಂದ ತೆರೆಯುತ್ತಿದೆ. ಬೆರಳಿಗೆ ಅದೇ ಅಭ್ಯಾಸ. ಆ ಅಭ್ಯಾಸವನ್ನು ತಪ್ಪು ಅನ್ನೋಕೆ ನಾವ್ಯಾರು?

ಈಗ ಅಂಗಡಿಯಲ್ಲಿ ನಾನು ಏನು ಮಾಡಿದೆ ಅಂತ ಹೇಳುತ್ತೇನೆ, ಇದೇ ಹಾದಿ ಹಿಡಿದವರಿಗೆ ಒಂದೆರಡು ಶನಿವಾರ ಉಳಿಯಲಿ.

ಮೊದಲು ನಾನು ಪ್ರೋಗ್ರಾಮನ್ನು ಕ್ರಾನ್‌ನಿಂದ ಐದು ನಿಮಿಷಕ್ಕೊಮ್ಮೆ ಓಡಿಸುತ್ತಿದ್ದೆ. ಅದನ್ನು ಬಿಟ್ಟೆ. ಕ್ರಾನ್‌ಗೆ ನಿಮ್ಮ ಸೆಷನ್ನಿನ ಬಸ್ಸು ಎಲ್ಲಿದೆ ಅಂತಲೇ ಗೊತ್ತಿರೋದಿಲ್ಲ, ವಿಳಾಸ ನಾವೇ ಕೈಯಾರೆ ಕೊಡಬೇಕು. ಅದರ ಮೇಲೆ ಪ್ರತಿ ಸಲ ಹುಟ್ಟಿ ಸಾಯುವ ಪ್ರೋಗ್ರಾಮ್ ಒತ್ತಿದ ಸುದ್ದಿ ಕೇಳೋಕೆ ಇರೋದೇ ಇಲ್ಲ. ಈಗ ಲಾಗಿನ್ ಆದಾಗ ಶುರುವಾಗಿ, ಅಂಗಡಿ ಮುಚ್ಚುವ ತನಕ ಬದುಕಿರುತ್ತೆ. ಶೆಲ್ ಸ್ಕ್ರಿಪ್ಟ್ ಬರೆಯೋರು ನೋಟಿಫೈ-ಸೆಂಡ್ ಬಳಸುತ್ತಾರಲ್ಲ, ಅದರಲ್ಲಿ ಗುಂಡಿ ಇಡುವ, ಉತ್ತರಕ್ಕೆ ಕಾಯುವ ಸೌಲಭ್ಯ ಬಂದದ್ದೇ 2020ರ ನಂತರ. ಹಳೇ ಮಶೀನಿನಲ್ಲಿ ಅದು ಇರುತ್ತೆ ಅಂತ ನಂಬಬೇಡಿ.

ಆಮೇಲೆ ಪೈಥಾನ್‌ನ ಒಂದು ಚೇಷ್ಟೆ. ಚೀಟಿಯ ಆಬ್ಜೆಕ್ಟನ್ನು ಫಂಕ್ಷನ್ನಿನೊಳಗೆ ಮಾಡಿ ತೋರಿಸಿ ಹೊರಗೆ ಬಂದರೆ, ಅದನ್ನು ಯಾರೂ ಹಿಡಿದುಕೊಂಡಿಲ್ಲ ಅಂತ ಕಸಕ್ಕೆ ಹಾಕಿಬಿಡುತ್ತೆ. ಪರದೆಯ ಮೇಲೆ ಚೀಟಿ ಇರುತ್ತೆ, ಒತ್ತಿದಾಗ ಓಡಬೇಕಾದ ಫಂಕ್ಷನ್ನು ಮಾತ್ರ ಸತ್ತಿರುತ್ತೆ. ಒಂದು ಭಾನುವಾರ ಪೂರ್ತಿ ಇದಕ್ಕೇ ಹೋಯ್ತು. ಮುಚ್ಚಿದ ಸುದ್ದಿ ಬರುವ ತನಕ ಎಲ್ಲಾ ಚೀಟಿಗಳನ್ನೂ ನಂಬರಿನ ಪ್ರಕಾರ ಒಂದು ಡಿಕ್ಷನರಿಯಲ್ಲಿ ಹಿಡಿದಿಟ್ಟುಕೊಳ್ಳಿ. ಬಂದ ಸುದ್ದಿ ನಿಮ್ಮದೇ ಚೀಟಿಯದಾ ಅಂತ ನಂಬರ್ ನೋಡೋದನ್ನೂ ಮರೆಯಬೇಡಿ.

ಡಿಫಾಲ್ಟ್ ಒಂದನ್ನೇ ನೆಚ್ಚಿಕೊಳ್ಳದೆ "ತೆರೆ" ಅಂತ ಕಾಣುವ ಗುಂಡಿಯನ್ನೂ ಇಟ್ಟೆ, ಎರಡಕ್ಕೂ ಕೆಲಸ ಒಂದೇ. ಇನ್ನೊಂದು ಸಣ್ಣ ವಿಷಯ, ನಗು ಬರುತ್ತೆ. ಒಬ್ಬ ತರಕಾರಿ ವ್ಯಾಪಾರಿಯ ಬಿಲ್ಲಿನ ಕಡತದ ಹೆಸರಿನಲ್ಲಿ & ಚಿಹ್ನೆ ಇತ್ತು, ಇಂಥವರು & ಸನ್ಸ್ ಅಂತ. ಚೀಟಿಯ ಒಳಗಿನ ಮಾತನ್ನು ಕೆಲವು ಸರ್ವರ್‌ಗಳು ಮಾರ್ಕಪ್ ಅಂತ ಓದುತ್ತವೆ. ಹಾಗೇ ಕಳಿಸಿದರೆ ಮಾತು ಕೆಟ್ಟುಹೋಗುತ್ತೆ, ಎಸ್ಕೇಪ್ ಮಾಡಿ ಕಳಿಸಿದರೆ ಮಾರ್ಕಪ್ ಗೊತ್ತಿಲ್ಲದ ಸರ್ವರ್ ಆ ಸಂಕೇತವನ್ನೇ ಎತ್ತಿ ತೋರಿಸುತ್ತೆ. ಇಲ್ಲೂ ಸಾಮರ್ಥ್ಯದ ಪಟ್ಟಿ ನೋಡಿಯೇ ಮುಂದುವರಿಯಬೇಕು.

ವೇಲ್ಯಾಂಡ್‌ನದು ಇನ್ನೊಂದು ಪುರಾಣ. ಅಲ್ಲಿ ಒಂದು ಪ್ರೋಗ್ರಾಮ್ ತನ್ನ ಕಿಟಕಿಯನ್ನು ತಾನೇ ಮುಂದೆ ತಂದುಕೊಳ್ಳೋ ಹಾಗಿಲ್ಲ, ಬಳಕೆದಾರನೇ ಕೇಳಿದ್ದು ಅನ್ನೋದಕ್ಕೆ ಟೋಕನ್ ಬೇಕು. ಒಳ್ಳೇ ನಿಯಮವೇ, ಟೈಪ್ ಮಾಡುವಾಗ ಯಾವುದೋ ಕಿಟಕಿ ಎಗರಿ ಮುಂದೆ ಬರೋದು ತಪ್ಪುತ್ತೆ. ಆದರೆ ಚೀಟಿ ಒತ್ತಿದಾಗ ಆ ಟೋಕನ್ ಸರ್ವರಿನಿಂದ ಪ್ರೋಗ್ರಾಮಿಗೆ, ಅಲ್ಲಿಂದ ಕಡತ ತೆರೆಯುವ ಆಪ್‌ಗೆ ಕೈಯಿಂದ ಕೈಗೆ ದಾಟಬೇಕು. ನಿಯಮಾವಳಿಯ 1.2ನೇ ಆವೃತ್ತಿಯಲ್ಲಿ ಅದಕ್ಕೊಂದು ಸಂಕೇತ ಸೇರಿಸಿದ್ದಾರೆ, ಒತ್ತಿದ ಸುದ್ದಿಗಿಂತ ಮುಂಚೆ ಅದು ಬರುತ್ತೆ. ಅದನ್ನು ಹಿಡಿಯದಿದ್ದರೆ ಗ್ನೋಮ್‌ನಲ್ಲಿ ಏನಾಗುತ್ತೆ ಗೊತ್ತಾ? ಕಡತ ಹಿಂದೆಲ್ಲೋ ತೆರೆದು, "ಸಿದ್ಧವಾಗಿದೆ" ಅಂತ ಇನ್ನೊಂದು ಚೀಟಿ ಬರುತ್ತೆ. ಚೀಟಿ ಒತ್ತಿದ್ದಕ್ಕೆ ಚೀಟಿ! ಹ್ಹ ಹ್ಹ.

ಗ್ನೋಮ್‌ನವರ ಒಂದು ಯೋಚನೆ ಮಾತ್ರ ನನಗೆ ಮೆಚ್ಚುಗೆಯಾಯಿತು. ಅವರ ಜಿ-ನೋಟಿಫಿಕೇಶನ್ ಅನ್ನೋದರಲ್ಲಿ, ಚೀಟಿಯ ಮೇಲೆ "ಒತ್ತಿದರೆ ಇಂಥ ಆಪ್‌ನ ಇಂಥ ಕೆಲಸ ಕರೆ" ಅಂತ ವಿಳಾಸ ಬರೆದಿರುತ್ತೆ. ಆಪ್ ಬದುಕಿಲ್ಲದಿದ್ದರೆ ಡಿ-ಬಸ್ಸೇ ಅದನ್ನು ಎಬ್ಬಿಸುತ್ತೆ. ಕಳಿಸಿದವನು ಎದ್ದು ಹೋದರೂ ಚೀಟಿಗೆ ಬೆಲೆ ಇರುತ್ತೆ. ನನ್ನ ಹತ್ತು ಸೆಕೆಂಡಿನ ತಪ್ಪು ಅಲ್ಲಿ ನಡೆಯುತ್ತಲೇ ಇರಲಿಲ್ಲ. ಆದರೆ ಬೇರೆ ಡೆಸ್ಕ್‌ಟಾಪಿನಲ್ಲಿ ಅದೇ ಕೋಡು ಹಳೇ ಫ್ರೀಡೆಸ್ಕ್‌ಟಾಪ್ ದಾರಿಗೆ ಇಳಿಯುತ್ತೆ, ಆಗ ಆಪ್ ಬದುಕಿರಲೇಬೇಕು. ಮತ್ತೆ ಅಲ್ಲಿಗೇ ಬಂದು ನಿಂತೆವು.

ಕೊನೆಗೆ ನಾನು ಚೀಟಿಯ ಮೇಲಿನ ನಂಬಿಕೆಯನ್ನೇ ಬಿಟ್ಟೆ. ಪರದೆಯ ಎಡಕ್ಕೆ ಒಂದು ಸಣ್ಣ ಕಿಟಕಿ, ಅದರಲ್ಲಿ "ಇನ್ನೂ ನೋಡದ ಕಡತಗಳು" ಅಂತ ಪಟ್ಟಿ. ಕಡತ ತೆರೆದ ಮೇಲಷ್ಟೇ ಪಟ್ಟಿಯಿಂದ ಹೋಗುತ್ತೆ. ಚೀಟಿ ಬಂದರೆ ಬರಲಿ, ಓಡಿಹೋದರೆ ಹೋಗಲಿ. ಅಣ್ಣನಿಗೆ ಇದು ಸರಿಹೋಗಿದೆ. "ಇದು ಬೆಂಚ್ ಇದ್ದಂಗ ಅದ, ಯಾರು ಕಾಯ್ತಾವ್ರೆ ಅಂತ ಕಾಣ್ತದ" ಅಂದ. ಆದರೆ ಇದು ಪರಿಹಾರ ಅಂತ ಬೆನ್ನು ತಟ್ಟಿಕೊಳ್ಳೋಕೆ ನನಗೆ ಮನಸ್ಸಿಲ್ಲ. ಎಲ್ಲಾ ಡೆಸ್ಕ್‌ಟಾಪಿನಲ್ಲೂ ಇರುವ ಒಂದು ಸೌಲಭ್ಯವನ್ನು ನಂಬೋಕಾಗದೆ ನಾನೇ ಗೋಡೆ ಕಟ್ಟಿಕೊಂಡೆ, ಅಷ್ಟೇ.

ನನ್ನ ಬೇಡಿಕೆ ದೊಡ್ಡದೇನಲ್ಲ. ಪ್ರೋಗ್ರಾಮ್ ಡಿಫಾಲ್ಟ್ ಕೊಟ್ಟಿದ್ದರೆ ಮುಖ್ಯ ಗುಂಡಿಯ ಒಂದು ಒತ್ತಿಗೆ ಅದನ್ನು ಕರೆಯಲೇಬೇಕು ಅಂತ ನಿಯಮದಲ್ಲಿ ಬರೆಯಲಿ. ಕರೆಯೋಕಾಗದ ಸರ್ವರ್ ಆ ಚೀಟಿಯನ್ನು ಒತ್ತುವ ಹಾಗೆ ಕಾಣಿಸದಿರಲಿ. ಕೇಳೋಕೆ ಯಾರೂ ಇಲ್ಲದ ಚೀಟಿಯನ್ನು ಬೂದು ಬಣ್ಣಕ್ಕೆ ತಿರುಗಿಸಲಿ; ಕಳಿಸಿದವನು ಬಸ್ಸಿನಿಂದ ಇಳಿದದ್ದು ಡಿ-ಬಸ್ಸಿಗೆ ಗೊತ್ತಾಗುತ್ತಲ್ಲ, ತಿಳಿಯೋದೇನು ಕಷ್ಟ ಇಲ್ಲ. ಮುಚ್ಚಿದ ಕಾರಣದ 2ನ್ನು ಎರಡು ಭಾಗ ಮಾಡಲಿ: ಮುಚ್ಚುವ ಗುರುತನ್ನು ಒತ್ತಿ ತೆಗೆದದ್ದು ಒಂದು, ಮೈಮೇಲೆ ಒತ್ತಿದ್ದು ಇನ್ನೊಂದು.

ನಮ್ಮ ಕಡೆಯಿಂದ ಏನು? "ಉಬುಂಟು ಹಾಕೋದು ಹೇಗೆ", "ವಿಂಡೋಸ್ ಬಿಡಿ" ಅಂತ ನಾವೆಲ್ಲಾ ಬರೆದಿದ್ದೇವೆ, ನಾನೂ ಬರೆದಿದ್ದೇನೆ. ಹಾಕಿಕೊಟ್ಟ ಮೇಲೆ ಮೂರು ವಾರ ಬಿಟ್ಟು ಹೋಗಿ ನೋಡಿದವರು ಎಷ್ಟು ಜನ? ನಾನು ಹೋಗಿದ್ದೂ ನೋಡೋಕಲ್ಲ, ಹಬ್ಬಕ್ಕೆ. ಅಣ್ಣ ದೂರು ಹೇಳಿರಲಿಲ್ಲ. ನಾನು ಕಾಲೇಜು ಓದಿದವನು, ನನಗೆ ಬೇಜಾರಾಗಬಾರದು ಅಂತ ಸುಮ್ಮನೆ ಚೀಟಿ ನೋಡೋದನ್ನೇ ಬಿಟ್ಟಿದ್ದ. ಹೀಗೆ ಸುಮ್ಮನೆ ಬಿಟ್ಟವರು ಇನ್ನೆಷ್ಟು ಅಂಗಡಿಯಲ್ಲಿ ಇದ್ದಾರೋ.

ಬರುವ ಶನಿವಾರ ಮತ್ತೆ ಊರಿಗೆ ಹೊರಟಿದ್ದೇನೆ, ಹೊಸ ಆವೃತ್ತಿ ಹಾಕಬೇಕು. ಗ್ನೋಮ್, ಪ್ಲಾಸ್ಮಾ, ಎಕ್ಸ್‌ಎಫ್‌ಸಿಇ, ಡನ್‌ಸ್ಟ್, ಮಾಕೋ ಇಷ್ಟರಲ್ಲಿ ಪರೀಕ್ಷೆ ಆಗಿದೆ. ಮಾಟೆ ಮತ್ತು ಎಲ್‌ಎಕ್ಸ್‌ಕ್ಯೂಟಿ ಬಾಕಿ. ನಿಮ್ಮಲ್ಲಿ ಯಾರಾದರೂ ಅವನ್ನು ಬಳಸುತ್ತಿದ್ದರೆ, ಒಂದು ಚೀಟಿ ಬರಿಸಿಕೊಂಡು, ಎದ್ದು ಹೋಗಿ ಕಾಫಿ ಕುಡಿದು ಬಂದು, ಆಮೇಲೆ ಎಡಗುಂಡಿಯಲ್ಲಿ ಒತ್ತಿ ಏನಾಯಿತು ಅಂತ ಶುಕ್ರವಾರದೊಳಗೆ ತಿಳಿಸಿ. ಎರಡನೇ ಸೆಕೆಂಡಿಗೇ ಒತ್ತಬೇಡಿ, ಆ ಪರೀಕ್ಷೆ ನಾನು ಮಾಡಿಯಾಗಿದೆ.